ಕೂತಲ್ಲೇ ಕೂತು ಗೆದ್ದ ಒಂಟೆ

2024ರ ಡಿಸೆಂಬರ್ 12ರ ರಾತ್ರಿ. ಸಿಂಗಪುರದಲ್ಲಿ 18 ವರ್ಷದ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದ ಸುದ್ದಿ ಓದಿ ಸ್ಟುಡಿಯೋದಿಂದ ಹೊರಗೆ ಬಂದೆ. ಫೋನ್ ತೆಗೆದರೆ ಮೆಸೇಜುಗಳ ರಾಶಿ. ಹೆಚ್ಚಿನವು ಅಭಿನಂದನೆ, ಹೆಮ್ಮೆ, ತಿರಂಗಾ. ಒಂದು ಮೆಸೇಜ್ ಮಾತ್ರ ಬೇರೆ ಥರ ಇತ್ತು. ಬರೆದವರು ದಾವಣಗೆರೆಯ ಒಬ್ಬ ತಂದೆ.

ಅವರ ಮಗಳಿಗೆ ಒಂಬತ್ತು ವರ್ಷ. ಚೆಸ್ ಕ್ಲಾಸಿಗೆ ಹೋಗ್ತಾಳೆ. ಅಲ್ಲಿ ಹಾಳೆಗಟ್ಟಲೆ ನಡೆಗಳನ್ನು ಪ್ರಿಂಟ್ ತೆಗೆದು ಕೊಡ್ತಾರಂತೆ. ಮಗು ದಿನಾ ಸಂಜೆ ಕೂತು ಮಗ್ಗಿ ಹೇಳಿದ ಹಾಗೆ ಅದನ್ನು ಒಪ್ಪಿಸುತ್ತದೆ. ತಂದೆಯ ಪ್ರಶ್ನೆ ಇಷ್ಟೇ: "ಸಾರ್, ಎಲ್ಲಾ ಕಂಪ್ಯೂಟರ್ ಹೇಳಿಕೊಟ್ಟಿದ್ದು, ಇವರು ಬಾಯಿಪಾಠ ಮಾಡಿ ಬಂದು ಆಡೋದು. ಇದರಲ್ಲಿ ಬುದ್ಧಿ ಎಲ್ಲಿ ಬಂತು? ಫೀಸು ಕಟ್ಟೋದು ಮುಂದುವರಿಸಲಾ, ಬಿಡಲಾ?"

ಒಂದು ಸಾಲಿನ ಉತ್ತರ ಕೊಡೋದು ಸುಲಭ ಇತ್ತು. "ಮುಂದುವರಿಸಿ, ಮಗಳು ಗುಕೇಶ್ ಆಗ್ತಾಳೆ" ಅಂತ ಬರೆದುಬಿಡಬಹುದಿತ್ತು. ಆದರೆ ಅವರು ಕೇಳಿದ್ದು ನಿಜವಾದ ಪ್ರಶ್ನೆ. ಇವತ್ತು ದೊಡ್ಡ ಆಟಗಾರರೆಲ್ಲ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ತಯಾರಿ ಮಾಡಿಕೊಂಡೇ ಬರುತ್ತಾರೆ. ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಹಾಗಾದರೆ ಗೆದ್ದಿದ್ದು ಯಾರು? ಮನುಷ್ಯನಾ, ಮಷೀನಾ?

ಇದಕ್ಕೆ ನನ್ನ ಹತ್ತಿರ ಇರೋ ಉತ್ತರ ಒಂದು ಆಟ. ಬರೀ 23 ನಡೆಗಳ ಆಟ. ಮನೆಯಲ್ಲಿ ಬೋರ್ಡ್ ಇದ್ದರೆ ಮುಂದೆ ಇಟ್ಟುಕೊಳ್ಳಿ. ಇಲ್ಲದಿದ್ದರೂ ಚಿಂತೆ ಇಲ್ಲ, ನಾನು ಹೇಳ್ತಾ ಹೋಗ್ತೀನಿ.

ಸಮುದ್ರದ ದಡದ ಊರು

2013ರ ಜನವರಿ 15, ಮಂಗಳವಾರ. ಜಾಗ ನೆದರ್ಲೆಂಡ್ಸ್‌ನ ವೈಕ್ ಆನ್ ಝೇ. ಉತ್ತರ ಸಮುದ್ರದ ದಂಡೆಯ ಮೇಲಿನ ಸಣ್ಣ ಊರು. ಪಕ್ಕದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ. ಆ ಕಾರ್ಖಾನೆಯ ಹೆಸರಲ್ಲೇ 1938ರಿಂದ ಇಲ್ಲಿ ಚೆಸ್ ಟೂರ್ನಿ ನಡೆದುಕೊಂಡು ಬಂದಿದೆ. ಮೊದಲು ಪಕ್ಕದ ಬೆವರ್‌ವೈಕ್‌ನಲ್ಲಿ, 1968ರಿಂದ ಈ ಊರಲ್ಲಿ. ಕಾರ್ಖಾನೆಯ ಒಡೆತನ ಬದಲಾದ ಹಾಗೆ ಟೂರ್ನಿಯ ಹೆಸರೂ ಬದಲಾಗಿದೆ. ಈಗಿನ ಹೆಸರು ನಮಗೆಲ್ಲ ಗೊತ್ತಿರೋದೇ: ಟಾಟಾ ಸ್ಟೀಲ್ ಚೆಸ್. ಜನವರಿಯ ಚಳಿಯಲ್ಲಿ ಇಲ್ಲಿ ಬಟಾಣಿ ಸೂಪ್ ಕುಡಿಸೋದು ಹಳೆಯ ಸಂಪ್ರದಾಯ.

ಅವತ್ತು ನಾಲ್ಕನೇ ಸುತ್ತು. ಬಿಳಿ ಕಾಯಿ ಹಿಡಿದವರು ಅರ್ಮೇನಿಯಾದ ಲೆವೋನ್ ಅರೋನಿಯನ್. ಆಗ ಅವರ ರೇಟಿಂಗ್ 2802. ಜಗತ್ತಿನಲ್ಲಿ 2800 ದಾಟಿದವರನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಕಪ್ಪು ಕಾಯಿ ನಮ್ಮ ವಿಶ್ವನಾಥನ್ ಆನಂದ್ ಅವರದ್ದು. ವಿಶ್ವ ಚಾಂಪಿಯನ್, ವಯಸ್ಸು 43.

ಚಾಂಪಿಯನ್ ಅಂದ ಮಾತ್ರಕ್ಕೆ ಹಾರ ತುರಾಯಿ ಹಾಕುತ್ತಿದ್ದರು ಅಂದುಕೊಳ್ಳಬೇಡಿ. ಹಿಂದಿನ ವರ್ಷ, ಅಂದರೆ 2012ರ ಮೇ ತಿಂಗಳಲ್ಲಿ, ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧ ಆನಂದ್ ಪಟ್ಟ ಉಳಿಸಿಕೊಂಡಿದ್ದರು. ಆದರೆ ಹೇಗೆ? 12 ಆಟಗಳಲ್ಲಿ 10 ಡ್ರಾ. ಒಂದು ಗೆಲುವು, ಒಂದು ಸೋಲು. ಕೊನೆಗೆ ಟೈಬ್ರೇಕ್‌ನಲ್ಲಿ ಎರಡೂವರೆ, ಒಂದೂವರೆ. "ಮುದುಕರಾದರು, ಧೈರ್ಯ ಹೋಯ್ತು, ಬರೀ ಡ್ರಾ ಮಾಡ್ತಾರೆ" ಅನ್ನೋ ಮಾತು ಎಲ್ಲ ಕಡೆ ಕೇಳಿಸುತ್ತಿತ್ತು. ಚೆಸ್ ಗೊತ್ತಿಲ್ಲದವರೂ ಹೇಳ್ತಿದ್ದರು, ಗೊತ್ತಿದ್ದವರೂ ಹೇಳ್ತಿದ್ದರು.

ಆ ದಿನ ಅವರು ಬೋರ್ಡ್ ಮುಂದೆ ಕೂತಿದ್ದು ಇಷ್ಟನ್ನು ಹೊತ್ತುಕೊಂಡು.

ಗೋಡೆ ಕಟ್ಟಿ ಒಳಗೆ ಸಿಕ್ಕಿಬಿದ್ದವನು

ಆನಂದ್ ಆರಿಸಿಕೊಂಡಿದ್ದು ಸೆಮಿ ಸ್ಲಾವ್ ಡಿಫೆನ್ಸ್. ಡಿಫೆನ್ಸ್ ಅಂದ ತಕ್ಷಣ ನಮಗೆ ನೆನಪಾಗೋದು ದ್ರಾವಿಡ್ ಅವರ ನೇರ ಬ್ಯಾಟು. ಚೆಂಡು ಬಂತು, ತಡೆದರು, ಸತ್ತು ಬಿತ್ತು. ಚೆಸ್‌ನಲ್ಲಿ ಡಿಫೆನ್ಸ್ ಅಂದರೆ ಹಾಗಲ್ಲ. ಕಪ್ಪು ಕಾಯಿಯವರು ಎರಡನೆಯವರಾಗಿ ಆಡೋದರಿಂದ ಅವರು ಕೊಡೋ ಉತ್ತರಕ್ಕೆಲ್ಲ ಸಾಮಾನ್ಯವಾಗಿ ಇಟ್ಟ ಹೆಸರು ಅದು. ಕೆಲವು ಡಿಫೆನ್ಸ್‌ಗಳು ನಿಜಕ್ಕೂ ತಡೆಗೋಡೆ. ಇನ್ನು ಕೆಲವು ಗೋಡೆಯ ಹಾಗೆ ಕಾಣೋ ಕೋವಿ. ಸೆಮಿ ಸ್ಲಾವ್ ಎರಡನೇ ಜಾತಿಯದ್ದು.

ಶುರುವಿಗೆ ಕಪ್ಪು ಮೂರು ಕಾಲಾಳುಗಳನ್ನು ತ್ರಿಕೋನದ ಹಾಗೆ ನಿಲ್ಲಿಸುತ್ತದೆ. ಡಿ5ರಲ್ಲಿ ಒಂದು, ಅದಕ್ಕೆ ಆಧಾರವಾಗಿ ಸಿ6 ಮತ್ತು ಇ6ರಲ್ಲಿ ಒಂದೊಂದು. ಗಟ್ಟಿ ಕಟ್ಟೆ. ಆದರೆ ಈ ಕಟ್ಟೆಗೆ ಒಂದು ಬೆಲೆ ತೆರಬೇಕು. ಹಿಂದೆ ಸಿ8ರಲ್ಲಿ ಕೂತಿರೋ ಒಂಟೆ ಒಳಗೇ ಸಿಕ್ಕಿಬೀಳುತ್ತೆ. ಒಂಟೆ ಅಂದರೆ ಬಿಷಪ್. ಓರೆಯಾಗಿ ಮಾತ್ರ ಓಡಾಡೋ ಪ್ರಾಣಿ. ಅದರ ಒಂದು ದಾರಿಗೆ ಇ6ರ ಕಾಲಾಳು ಅಡ್ಡ. ಬಿ7ಕ್ಕೆ ಬಂದು ಕೂತರೆ ಸಿ6ರ ಕಾಲಾಳು ಅಡ್ಡ. ಎರಡೂ ತನ್ನದೇ ಕಾಲಾಳು! ಮನೆ ಕಟ್ಟುವಾಗ ಮೇಸ್ತ್ರಿ ಒಳಗೆ ನಿಂತು ಬಾಗಿಲಿಗೂ ಇಟ್ಟಿಗೆ ಜೋಡಿಸಿಕೊಂಡ ಹಾಗೆ.

ಈ ಒಂಟೆಯ ಮೇಲೆ ಕಣ್ಣಿಟ್ಟಿರಿ. ನಾನು ಹೇಳಬೇಕಾಗಿರೋ ಕಥೆ ಅದರದ್ದೇ.

ಆರನೇ ನಡೆಗೆ ಆನಂದ್ ತಮ್ಮ ಡಿ5ರ ಕಾಲಾಳಿನಿಂದ ಸಿ4ರ ಕಾಲಾಳನ್ನು ಹೊಡೆದರು. ಅದನ್ನು ವಾಪಸ್ ಹೊಡೆಯಲು ಬಿಳಿಯ ಒಂಟೆ ಸಿ4ಕ್ಕೆ ಬಂತು. ಬಂದ ತಕ್ಷಣ ಬಿ5ಕ್ಕೆ ಕಾಲಾಳು ನುಗ್ಗಿಸಿ ಅದನ್ನು ಅಟ್ಟಿದರು. ಈ ಕ್ರಮಕ್ಕೆ ಮೆರಾನ್ ಅಂತ ಹೆಸರು. ಇಟಲಿಯ ಮೆರಾನೋ ಊರಲ್ಲಿ 1924ರಲ್ಲಿ ನಡೆದ ಟೂರ್ನಿಯಿಂದ ಬಂದ ಹೆಸರಿದು. ಅಲ್ಲಿ ಗ್ರುನ್‌ಫೆಲ್ಡ್ ವಿರುದ್ಧ ಇದನ್ನು ಆಡಿದವರು ಪೋಲೆಂಡಿನ ಅಕಿಬಾ ರುಬಿನ್‌ಸ್ಟೈನ್. ಆ ಹೆಸರು ನೆನಪಿರಲಿ, ಆಮೇಲೆ ಮತ್ತೆ ಬರ್ತಾರೆ.

ಹತ್ತನೇ ನಡೆಯಲ್ಲಿ ಆನಂದ್ ಒಂಟೆಯನ್ನು ಬಿ7ಕ್ಕೆ ತಂದರು. ಎದುರಿಗೆ ಸಿ6ರಲ್ಲಿ ಸ್ವಂತ ಕಾಲಾಳು. ಏನೂ ಕಾಣೋದಿಲ್ಲ. ಆ ಕಾಲಾಳು ಇಲ್ಲದೇ ಇದ್ದಿದ್ದರೆ ಅದರ ದೃಷ್ಟಿ ಜಿ2ರ ದಿಕ್ಕಿಗೆ, ಅಂದರೆ ಅರೋನಿಯನ್ ಅವರ ರಾಜನ ಬಾಗಿಲಿನ ಕಡೆಗೆ ತಿರುಗುತ್ತಿತ್ತು. ಕಾಲಾಳು ಸರಿಯಬೇಕು, ಅಷ್ಟೇ. ಆದರೆ ಯಾವಾಗ?

ಬೆಂಕಿ ಹತ್ತಿದ್ದು ಇಲ್ಲಿ

12ನೇ ನಡೆ. ಅರೋನಿಯನ್ ಕುದುರೆ ಹತ್ತಿಸಿ ಜಿ5ಕ್ಕೆ ಬಂದರು. ಗುರಿ ಎಚ್7, ಕಪ್ಪು ರಾಜನ ಪಕ್ಕದ ಕಾಲಾಳು. ಬಿಳಿಯ ಒಂಟೆ, ಅದರ ಹಿಂದೆ ರಾಣಿ, ಈಗ ಕುದುರೆ, ಮೂರೂ ಒಂದೇ ಮನೆಯನ್ನು ದಿಟ್ಟಿಸುತ್ತಿವೆ. ನಾನು ನೀವಾಗಿದ್ದರೆ ಏನು ಮಾಡ್ತಿದ್ದೆವು? ಆ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ಉಳಿಸಿಕೊಳ್ಳುತ್ತಿದ್ದೆವು.

ಆನಂದ್ ಆ ಕಡೆ ತಿರುಗಿಯೂ ನೋಡಲಿಲ್ಲ. ಬೋರ್ಡಿನ ಇನ್ನೊಂದು ಬದಿಯಲ್ಲಿ ಸಿ6ರ ಕಾಲಾಳನ್ನು ಸಿ5ಕ್ಕೆ ತಳ್ಳಿದರು. ಬಾಗಿಲಿನ ಇಟ್ಟಿಗೆ ಬಿತ್ತು. ಬಿ7ರ ಒಂಟೆಗೆ ಜಿ2ರ ತನಕ ಉದ್ದಕ್ಕೂ ಬೆಳಕು.

ಅರೋನಿಯನ್ ಎಚ್7ರ ಕಾಲಾಳನ್ನು ಹೊಡೆದರು. ಈಗ ಆ ಕುದುರೆ ಎಫ್8ರ ಆನೆಯ ಮೇಲೂ ಕಣ್ಣು ಹಾಕಿದೆ. ರಾಜ ಅದನ್ನು ಹೊಡೆಯುವ ಹಾಗಿಲ್ಲ, ಹಿಂದೆ ಒಂಟೆಯ ಬೆಂಬಲ ಇದೆ. ಆಗಲೂ ಆನಂದ್ ತಡೆಯಲು ಹೋಗಲಿಲ್ಲ. ತಮ್ಮ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. ಈಗ ಬಿಳಿ ರಾಜನ ಮುಂದಿನ ಎಚ್2 ಮನೆಗೆ ಎರಡು ಕಡೆಯಿಂದ ಗುರಿ, ಕುದುರೆಯದ್ದೂ ಡಿ6ರ ಒಂಟೆಯದ್ದೂ. ಅರೋನಿಯನ್ ಎಫ್4ಕ್ಕೆ ಕಾಲಾಳು ನಡೆಸಿ ಒಂಟೆಯ ದಾರಿ ಮುಚ್ಚಿದರು. ಮುಚ್ಚಿದ್ದು ಒಂದು ಕಿಟಕಿ, ತೆರೆದದ್ದು ಇನ್ನೊಂದು. ಎಫ್2 ಖಾಲಿಯಾಗಿದ್ದರಿಂದ ರಾಜನ ಕಡೆಗೆ ಇನ್ನೊಂದು ಓರೆ ದಾರಿ ಹುಟ್ಟಿತು. ಮಧ್ಯದಲ್ಲಿ ಕಾಲಾಳುಗಳ ವಿನಿಮಯ ಆದ ಮೇಲೆ ಆ ದಾರಿಗೆ ಅಡ್ಡ ಉಳಿದಿದ್ದು ಡಿ4ರ ಒಂದೇ ಕಾಲಾಳು.

15ನೇ ನಡೆ. ಡಿ6ರ ಒಂಟೆಯನ್ನು ಆನಂದ್ ಸಿ5ಕ್ಕೆ ತಂದು ನಿಲ್ಲಿಸಿದರು. ಆ ಡಿ4ರ ಕಾಲಾಳಿನ ಬಾಯಿಗೇ! "ಹೊಡ್ಕೋ" ಅಂದ ಹಾಗೆ. ಹೊಡೆದರೆ? ಕಾಲಾಳು ಡಿ4 ಬಿಟ್ಟು ಸರಿಯುತ್ತೆ. ಕಪ್ಪು ಕುದುರೆ ಡಿ7ರಿಂದ ಸಿ5ಕ್ಕೆ ಹಾರಿ ಅದನ್ನು ಹೊಡೆಯುತ್ತೆ. ಕುದುರೆ ಹಾರಿದ ಕೂಡಲೇ ಹಿಂದೆ ಇರೋ ಕಪ್ಪು ರಾಣಿಗೆ ಡಿ ಸಾಲು ಪೂರ್ತಿ ತೆರೆಯುತ್ತೆ. ಒಂಟೆ ಕೊಟ್ಟಿದ್ದು ದಾನ ಅಲ್ಲ, ರಸ್ತೆಯ ಟೋಲು.

ಅರೋನಿಯನ್ ಹೊಡೆಯಲಿಲ್ಲ. ತಮ್ಮ ಒಂಟೆಯನ್ನು ಇ2ಕ್ಕೆ ಹಿಂದೆಳೆದು ಜಿ4ರ ಕುದುರೆಯನ್ನು ಅಟ್ಟಲು ನೋಡಿದರು. ಆಗ ಬಂತು ಆನಂದ್ ಅವರ 16ನೇ ನಡೆ. ಇನ್ನೊಂದು ಕುದುರೆ ಇ5ಕ್ಕೆ. ಇದಕ್ಕೆ ಎರಡು ಕಾಲಾಳುಗಳ ಬಾಯಿ ತೆರೆದಿತ್ತು, ಡಿ4ರದ್ದೂ ಎಫ್4ರದ್ದೂ. ಯಾವುದರಿಂದ ಹೊಡೆದರೂ ಪರಿಣಾಮ ಒಂದೇ. ಕಪ್ಪು ರಾಣಿ ಡಿ4ಕ್ಕೆ ಬಂದು ಚೆಕ್ ಕೊಡುತ್ತಾಳೆ. ರಾಜ ಮೂಲೆಗೆ, ಎಚ್1ಕ್ಕೆ ಹೋಗುತ್ತಾನೆ. ಆಗ ರಾಣಿ ಜಿ1ಕ್ಕೆ, ರಾಜನ ಪಕ್ಕದ ಮನೆಗೇ ಬಂದು ಮತ್ತೆ ಚೆಕ್ ಅನ್ನುತ್ತಾಳೆ. ಸಿ5ರ ಒಂಟೆಯ ಕಾವಲು ಇರೋದರಿಂದ ರಾಜ ಅವಳನ್ನು ಮುಟ್ಟೋ ಹಾಗಿಲ್ಲ. ಆನೆಯೇ ಹೊಡೆಯಬೇಕು. ಹೊಡೆದ ಆನೆ ಜಿ1ರಲ್ಲಿ ಕೂತು ರಾಜನ ಕೊನೆಯ ದಾರಿಯನ್ನೂ ಮುಚ್ಚುತ್ತೆ. ಕುದುರೆ ಎಫ್2ಕ್ಕೆ ಹಾರುತ್ತೆ. ಚೆಕ್‌ಮೇಟ್! ತನ್ನವರ ನಡುವೆಯೇ ಉಸಿರುಗಟ್ಟಿ ಸತ್ತ ರಾಜ.

ಸಿ2ರಲ್ಲಿದ್ದ ಬಿಳಿ ರಾಣಿ ಆ ಕುದುರೆಯನ್ನು ಹೊಡೆಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೊಡೆಯಬಹುದಿತ್ತು, ಮಧ್ಯೆ ಇ2ರಲ್ಲಿ ಅವಳದೇ ಒಂಟೆ ಅಡ್ಡ ಕೂತಿರದಿದ್ದರೆ. ಆ ಒಂಟೆ ಅಲ್ಲಿಗೆ ಬಂದಿದ್ದು ಒಂದು ನಡೆಯ ಹಿಂದೆ.

ಬಾಗಿಲು ಮುಚ್ಚುವ ಕಲೆ

ಅರೋನಿಯನ್ ಸಾಮಾನ್ಯ ಆಟಗಾರರಲ್ಲ. ಈ ಬಲೆಗೆ ಬೀಳಲಿಲ್ಲ. ಜಿ4ರ ಕುದುರೆಯನ್ನು ಹೊಡೆದರು. ಆನಂದ್ ಡಿ4ರ ಕಾಲಾಳು ಹೊಡೆದು ಚೆಕ್ ಕೊಟ್ಟು, ಆಮೇಲೆ ಜಿ4ರ ಒಂಟೆಯನ್ನೂ ಹೊಡೆದರು. ಅರೋನಿಯನ್ ಕೊನೆಗೂ ಎಫ್8ರ ಆನೆಯನ್ನು ನುಂಗಿದರು. ಈಗ ಲೆಕ್ಕ ಹಾಕಿದರೆ ಆನಂದ್ ಒಂದು ಆನೆ ಹಿಂದೆ. ಆನೆ ತಿಂದ ಕುದುರೆ ಎದುರಿಗೇ ಕೂತಿದೆ. ರಾಜ ಕೈ ಚಾಚಿದರೆ ಸಾಕು.

ಹಾಗೆ ಮಾಡಲಿಲ್ಲ. 19ನೇ ನಡೆಯಾಗಿ ಎಫ್5ಕ್ಕೆ ಒಂದು ಕಾಲಾಳು ನಡೆಸಿದರು. ನೋಡಲು ಸಪ್ಪೆ ನಡೆ. ಆದರೆ ಅರೋನಿಯನ್ ಅವರಿಗೆ ಉಳಿದಿದ್ದ ಮುಖ್ಯ ಆಸರೆ ಅಂದರೆ ರಾಣಿ ಓರೆಯಾಗಿ ಎಚ್7ಕ್ಕೆ ಬಂದು ಚೆಕ್ ಕೊಟ್ಟು ರಾಣಿಗಳನ್ನು ವಿನಿಮಯ ಮಾಡಿಕೊಳ್ಳೋದು. ಆ ದಾರಿಯ ಮಧ್ಯಕ್ಕೆ ಈ ಕಾಲಾಳು ಅಡ್ಡ ನಿಂತಿತು. ಇಲ್ಲಿ ತನಕ ಆನಂದ್ ಬಾಗಿಲು ತೆರೆಯುತ್ತಿದ್ದರು. ಈಗ ಎದುರಾಳಿಯ ಬಾಗಿಲು ಮುಚ್ಚಿದರು.

ಅರೋನಿಯನ್ ಕುದುರೆಯನ್ನು ಜಿ6ಕ್ಕೆ ತಂದು ಕಪ್ಪು ರಾಣಿ ಎಚ್4ಕ್ಕೆ ಬರದ ಹಾಗೆ ಕಾದರು. ರಾಣಿ ಎಫ್6ರ ಮೂಲಕ ಬಂದಳು. ಬಿಳಿ ಎಚ್3ಕ್ಕೆ ಕಾಲಾಳು ನಡೆಸಿದರೆ, ಕಪ್ಪು ರಾಣಿ ಜಿ6ರ ಕುದುರೆಯನ್ನು ಹೊಡೆದು ಮುಂದಿನ ನಡೆಗೆ ಎಚ್5ರಲ್ಲಿ ನಿಂತಳು. 23ನೇ ನಡೆ. ಬಿಳಿ ರಾಣಿ ಡಿ3ಕ್ಕೆ ಬಂದಳು. ಅಲ್ಲಿಂದ ಅಡ್ಡಕ್ಕೆ ಮೂರನೇ ಸಾಲಿನುದ್ದಕ್ಕೂ ಎಚ್3ರ ತನಕ ಕಾಯಬಹುದು, ಜೊತೆಗೆ ಡಿ4ರ ಒಂಟೆಗೂ ಬೆದರಿಕೆ.

ಆನಂದ್ ಆ ಒಂಟೆಯನ್ನು ಒಂದೇ ಒಂದು ಮನೆ ಸರಿಸಿ ಇ3ಕ್ಕೆ ಇಟ್ಟರು. ಬಿಳಿ ರಾಣಿಗೂ ಎಚ್3ಕ್ಕೂ ಮಧ್ಯೆ. ಅರೋನಿಯನ್ ಸೋಲೊಪ್ಪಿಕೊಂಡರು.

ಯಾಕೆ? ರಾಣಿಯಿಂದ ಆ ಒಂಟೆಯನ್ನು ಹೊಡೆದರೆ ಜಿ4ರ ಕುದುರೆ ರಾಣಿಯನ್ನೇ ಹೊಡೆಯುತ್ತೆ. ತಮ್ಮ ಒಂಟೆಯಿಂದ ಹೊಡೆದರೆ ಅದೇ ಅಡ್ಡ ಕೂತು ರಾಣಿಯ ದಾರಿ ಮುಚ್ಚುತ್ತೆ. ಆಗ ಕಪ್ಪು ರಾಣಿ ಎಚ್3ರ ಕಾಲಾಳು ಹೊಡೆದು ಚೆಕ್, ಮುಂದಿನ ನಡೆಗೆ ಮೇಟ್. ಎಚ್3ರ ಕಾಲಾಳು ಜಿ4ರ ಕುದುರೆಯನ್ನು ಹೊಡೆಯಬಾರದೇ? ಆಗಲ್ಲ. ಅದು ಕದಲಿದರೆ ಎಚ್5ರ ರಾಣಿಗೆ ರಾಜ ನೇರವಾಗಿ ಸಿಕ್ಕಿಬೀಳುತ್ತಾನೆ. ಎಚ್3ರಲ್ಲಿ ಕಾಯಿ ಹೊಡೆದ ರಾಣಿಯನ್ನು ಜಿ2ರ ಕಾಲಾಳು ಹೊಡೆಯಬಾರದೇ? ಅದೂ ಆಗಲ್ಲ. ಅದು ಕದಲಿದರೆ...

ಹೌದು. ಅದು ಕದಲಿದರೆ ಬಿ7ರಲ್ಲಿ ಕೂತಿರೋ ನಮ್ಮ ಒಂಟೆಗೆ ರಾಜ ಸಿಗುತ್ತಾನೆ.

ಕೊನೆಯ ಲೆಕ್ಕ ಕೇಳಿ. ಆಟ ಮುಗಿದಾಗ ಬಿಳಿಗೆ ಎರಡು ಆನೆ, ಕಪ್ಪಿಗೆ ಒಂದೇ ಆನೆ. ಕಾಯಿಗಳ ಬೆಲೆ ಕೂಡಿದರೆ ಅರೋನಿಯನ್ ಅವರದ್ದೇ ಮೇಲುಗೈ. ಬಿ7ರ ಒಂಟೆ 10ನೇ ನಡೆಗೆ ಬಂದು ಕೂತದ್ದು, ಆಮೇಲೆ ಒಂದು ಮನೆಯೂ ಕದಲಿಲ್ಲ. ಒಂದು ಕಾಯಿಯನ್ನೂ ಹೊಡೆಯಲಿಲ್ಲ. ಟಿವಿಯಲ್ಲಿ ಹೈಲೈಟ್ಸ್ ತೋರಿಸಿದರೆ ಅದು ಫ್ರೇಮಿಗೇ ಬರಲ್ಲ. ನಾವು ತೋರಿಸೋದು ಹಾರಿದ ಕುದುರೆ, ಬಲಿಯಾದ ಆನೆ. ಆದರೆ ಗೆಲ್ಲಿಸಿದ್ದು ಕೂತಲ್ಲೇ ಕೂತ ಆ ಒಂಟೆ.

ಇನ್ನೊಂದು ಸಂಗತಿ. ಅರೋನಿಯನ್ ಅವರ ಸಿ1ರ ಒಂಟೆಯೂ ಇಡೀ ಆಟದಲ್ಲಿ ಕದಲಲಿಲ್ಲ. ಎ1ರ ಆನೆಯೂ ಕದಲಲಿಲ್ಲ. ಎರಡೂ ಕಡೆ ಒಂದೊಂದು ಒಂಟೆ ಸುಮ್ಮನೆ ಕೂತಿತ್ತು. ಒಂದು ಕೂತು ಗೆದ್ದಿತು, ಇನ್ನೊಂದು ಕೂತು ಸೋತಿತು. ವ್ಯತ್ಯಾಸ ದಾರಿಯದ್ದು. ಒಂದರ ಮುಂದೆ ದಾರಿ ತೆರೆದುಕೊಟ್ಟವರಿದ್ದರು.

ಹಾಗಾದರೆ ಬಾಯಿಪಾಠವಾ?

ಈಗ ದಾವಣಗೆರೆಯ ತಂದೆಯ ಪ್ರಶ್ನೆಗೆ ಬರೋಣ.

ಆಟ ಮುಗಿದ ಮೇಲೆ ಆನಂದ್ ಅವರೇ ಹೇಳಿದರು, ಈ ದಾರಿಯನ್ನು ಹಿಂದಿನ ವರ್ಷ ಗೆಲ್ಫಾಂಡ್ ವಿರುದ್ಧದ ಪಂದ್ಯಕ್ಕೆ ತಯಾರಿ ಮಾಡುವಾಗ ನೋಡಿದ್ದೆ ಅಂತ. ಅಂದರೆ ಜನ "ಸಪ್ಪೆ" ಅಂತ ಬೈದ ಅದೇ ಮಾಸ್ಕೋ ಪಂದ್ಯದ ಸಿದ್ಧತೆ. ಅಲ್ಲಿ ಹಾರದ ಗುಂಡು ಎಂಟು ತಿಂಗಳ ನಂತರ ಇಲ್ಲಿ ಹಾರಿತು. ಮೆರಾನ್ ಅವರಿಗೆ ಹೊಸದೂ ಅಲ್ಲ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್ ವಿರುದ್ಧ ಮೂರನೇ ಆಟ ಮತ್ತು ಐದನೇ ಆಟ, ಎರಡನ್ನೂ ಕಪ್ಪು ಕಾಯಿಯಲ್ಲಿ, ಇದೇ ಮೆರಾನ್ ಆಡಿ ಗೆದ್ದಿದ್ದರು. ಜೊತೆಗೆ ತಂಡ ಇತ್ತು, ಕಂಪ್ಯೂಟರ್ ಇತ್ತು.

"ನೋಡಿದ್ರಾ, ನಾನು ಹೇಳಿದ್ದೇ ಸರಿ" ಅನ್ನಬೇಡಿ. ಸ್ವಲ್ಪ ತಾಳಿ.

ನಾನು ಎಂಜಿನಿಯರಿಂಗ್ ಓದಿದವನು. ಬಾಯಿಪಾಠದ ವಿಷಯದಲ್ಲಿ ನನಗೆ ಅನುಭವ ಜಾಸ್ತಿ. ಹಳೇ ಪ್ರಶ್ನೆಪತ್ರಿಕೆ ಐದು ವರ್ಷದ್ದು ತಿರುವಿಹಾಕಿ, ಬರಬಹುದಾದ ಡೆರಿವೇಷನ್‌ಗಳನ್ನು ಕಣ್ಣುಮುಚ್ಚಿ ಬರೆಯೋ ಹಾಗೆ ಉರು ಹೊಡೆದು ಹೋಗುತ್ತಿದ್ದೆ. ಒಂದು ಸಲ ಸಿಗ್ನಲ್ಸ್ ಪೇಪರ್‌ನಲ್ಲಿ ಅದೇ ಪ್ರಶ್ನೆ ಬಂತು, ಆದರೆ ಒಂದು ಷರತ್ತು ಬದಲಾಯಿಸಿದ್ದರು. ನಾನು ಷರತ್ತು ಓದಿದೆ, ಆದರೂ ಹಳೇ ಉತ್ತರವನ್ನೇ ಬರೆದೆ. ಬೇರೆ ಏನು ಬರೆಯಬೇಕು ಅಂತ ಗೊತ್ತೇ ಇರಲಿಲ್ಲ. ಹಂತ ಗೊತ್ತಿತ್ತು. ಆ ಹಂತ ಯಾಕೆ ಅನ್ನೋದು ಗೊತ್ತಿರಲಿಲ್ಲ.

ಚೆಸ್‌ನಲ್ಲಿ ಆ ಷರತ್ತು ಪ್ರತಿ ನಡೆಗೂ ಬದಲಾಗುತ್ತೆ. ಆಟದ ಮಧ್ಯದಲ್ಲಿ ಒಂದು ಸ್ಥಿತಿಯಲ್ಲಿ ಸುಮಾರು 30 ನಡೆಗಳು ಸಾಧ್ಯ ಅಂತಿಟ್ಟುಕೊಳ್ಳಿ. ನಾನು ಒಂದು, ನೀವು ಒಂದು ಆಡಿದರೆ 900 ಕವಲು. ಇಬ್ಬರೂ ಎರಡೆರಡು ಆಡಿದರೆ 8,10,000. ಯಾವ ಹಾಳೆಯಲ್ಲಿ ಇಷ್ಟು ಪ್ರಿಂಟ್ ತೆಗೀತೀರಾ? ಯಾವ ತಲೆಯಲ್ಲಿ ಇಟ್ಕೋತೀರಾ? ಎದುರಾಳಿ ಹಾಳೆಯಲ್ಲಿ ಇಲ್ಲದ ಒಂದು ನಡೆ ಆಡಿದ ಕ್ಷಣ ಬಾಯಿಪಾಠ ಮುಗಿಯುತ್ತೆ. ಅಲ್ಲಿಂದ ಮುಂದೆ ಕೆಲಸಕ್ಕೆ ಬರೋದು ಒಂದೇ: ಈ ಕಾಯಿ ಇಲ್ಲಿ ಯಾಕೆ ಕೂತಿದೆ ಅನ್ನೋ ತಿಳಿವಳಿಕೆ.

ಆನಂದ್ ಅವರಿಗೆ ಅದು ಇತ್ತು. ಎಲ್ಲಿಂದ ಬಂತು? ಕಂಪ್ಯೂಟರ್‌ನಿಂದ ಮಾತ್ರ ಅಲ್ಲ. ರುಬಿನ್‌ಸ್ಟೈನ್ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆ. 1907ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ರುಬಿನ್‌ಸ್ಟೈನ್, ರೋಟ್ಲೆವಿ ಎಂಬ ಆಟಗಾರನ ವಿರುದ್ಧ ಕಪ್ಪು ಕಾಯಿಯಲ್ಲಿ ಒಂದು ಆಟ ಗೆದ್ದರು. 25 ನಡೆಗಳು. ಎರಡು ಒಂಟೆಗಳು ದೂರದಲ್ಲಿ ಅಕ್ಕಪಕ್ಕ ಕೂತು ಬಿಳಿ ರಾಜನಿಗೆ ಗುರಿಯಿಟ್ಟವು. ಮುಂದಿನ ಕಾಯಿಗಳು ಒಂದಾದ ಮೇಲೊಂದು ಬಲಿಯಾಗುತ್ತಾ ದಾರಿ ತೆರೆದವು. ಚೆಸ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ನೋಡೋ ಆಟ ಅದು. ವೈಕ್ ಆನ್ ಝೇ ಆಟ ಮುಗಿದ ಕೂಡಲೇ ಜಗತ್ತಿನ ಎಲ್ಲ ಕಡೆ ಚೆಸ್ ಬಲ್ಲವರ ಬಾಯಲ್ಲಿ ಬಂದಿದ್ದು ಅದೇ ಹೆಸರು. 1907ರಲ್ಲಿ ಕಂಪ್ಯೂಟರ್ ಎಲ್ಲಿತ್ತು ಸ್ವಾಮಿ?

ಅಂದರೆ ಆನಂದ್ ತಲೆಯಲ್ಲಿ ಇದ್ದಿದ್ದು ನಡೆಗಳ ಪಟ್ಟಿ ಮಾತ್ರ ಅಲ್ಲ. ಎರಡು ಒಂಟೆ, ತೆರೆದ ದಾರಿ, ಮೂಲೆಯಲ್ಲಿ ರಾಜ: ಇಷ್ಟು ಸೇರಿದರೆ ಆನೆಯನ್ನೇ ಕೊಟ್ಟರೂ ನಷ್ಟ ಇಲ್ಲ ಅನ್ನೋ ನೂರು ವರ್ಷ ಹಳೆಯ ತಿಳಿವಳಿಕೆ. ಕಂಪ್ಯೂಟರ್ ಅದನ್ನು ಪರೀಕ್ಷೆ ಮಾಡಿಕೊಟ್ಟಿತು, ತಪ್ಪು ಎಲ್ಲಿದೆ ನೋಡು ಅಂದಿತು. ಆದರೆ ಎದುರಿಗೆ ಅರೋನಿಯನ್ ಕೂತಾಗ, ಗಡಿಯಾರ ಓಡುತ್ತಿದ್ದಾಗ, ಕೈಗೆ ಸಿಗೋ ಕುದುರೆಯನ್ನು ಹೊಡೆಯದೆ ಎಫ್5ಕ್ಕೆ ಕಾಲಾಳು ತಳ್ಳೋ ಧೈರ್ಯ ಬೇಕಲ್ಲ, ಅದನ್ನು ಯಾವ ಪ್ರಿಂಟ್‌ಔಟ್ ಕೊಡುತ್ತೆ?

ಕಥೆ ಇಲ್ಲಿಗೇ ಮುಗಿಯಲ್ಲ

ಇಲ್ಲಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತೆ. ಆದರೆ ಪೂರ್ತಿ ಸತ್ಯ ಹೇಳಬೇಕು.

ಆ ಟೂರ್ನಿ ಗೆದ್ದಿದ್ದು ಆನಂದ್ ಅಲ್ಲ. 13 ಸುತ್ತಿನಲ್ಲಿ 10 ಅಂಕ ಗಳಿಸಿದ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್, ಆಗ 22 ವರ್ಷ. ಇಂಥ ಆಟ ಆಡಿದ ಆನಂದ್ ಕೊನೆಯ ಸುತ್ತಿನಲ್ಲಿ ಸೋತರು. ಅದೇ ವರ್ಷ ನವೆಂಬರ್‌ನಲ್ಲಿ ಅವರದೇ ಊರು ಚೆನ್ನೈಯಲ್ಲಿ ಕಾರ್ಲ್‌ಸನ್ ಅವರನ್ನು ಆರೂವರೆ, ಮೂರೂವರೆ ಅಂತರದಲ್ಲಿ ಸೋಲಿಸಿ ಪಟ್ಟ ಕಸಿದುಕೊಂಡರು. ಹೇಗೆ? ಇಂಥ ಬೆಂಕಿಯ ಹತ್ತಿರ ಹೋಗದೆ. ತಯಾರಿಯ ಜಗಳಕ್ಕೆ ಇಳಿಯದೆ, ಸಾದಾ ಸ್ಥಿತಿಗಳಿಗೆ ಎಳೆದುಕೊಂಡು ಹೋಗಿ, ಗಂಟೆಗಟ್ಟಲೆ ಆಡಿಸಿ, ದಣಿಸಿ. ತಯಾರಿ ಎಷ್ಟೇ ಚೆನ್ನಾಗಿರಲಿ, ಎದುರಾಳಿ ಆ ಬೀದಿಗೇ ಬರದಿದ್ದರೆ ಏನು ಮಾಡ್ತೀರಿ? ಇದೂ ಆ ತಂದೆಗೆ ಗೊತ್ತಿರಬೇಕಾದ ವಿಷಯ.

ಆದರೆ ಆ ಚೆನ್ನೈ ಹಾಲ್‌ನಲ್ಲಿ ಪ್ರೇಕ್ಷಕರ ನಡುವೆ ಏಳು ವರ್ಷದ ಒಬ್ಬ ಹುಡುಗ ಕೂತಿದ್ದ. ಗಾಜಿನ ಕೋಣೆಯೊಳಗೆ ಆಡ್ತಿದ್ದ ಇಬ್ಬರನ್ನು ನೋಡಿ, ಒಂದು ದಿನ ನಾನೂ ಅಲ್ಲಿ ಕೂರಬೇಕು ಅಂದುಕೊಂಡಿದ್ದನಂತೆ. ಹನ್ನೊಂದು ವರ್ಷ ಆದ ಮೇಲೆ ಸಿಂಗಪುರದಲ್ಲಿ ಗೆದ್ದು ಇದನ್ನು ಹೇಳಿದ್ದು ಅದೇ ಗುಕೇಶ್. ಮಧ್ಯದಲ್ಲಿ ಅವನಿಗೆ ದಾರಿ ತೋರಿಸಿದವರಲ್ಲಿ ಒಬ್ಬರು ಪಟ್ಟ ಕಳೆದುಕೊಂಡ ಆನಂದ್. 2020ರ ಕೊನೆಯಲ್ಲಿ ಶುರುವಾದ ಅವರ ಅಕಾಡೆಮಿಯ ಮೊದಲ ತಂಡದಲ್ಲಿ ಗುಕೇಶ್ ಇದ್ದ. ಈಗ ಆನಂದ್ ಬೋರ್ಡಿನಲ್ಲಿ ಮುಂದೆ ನುಗ್ಗಬೇಕಾಗಿಲ್ಲ. ದೂರದಲ್ಲಿ ಕೂತು ದಾರಿ ಕಾಣಿಸಿದರೆ ಸಾಕು.

ಇನ್ನು ದಾವಣಗೆರೆಯ ಆ ತಂದೆಗೆ ನಾನು ಬರೆದ ಉತ್ತರ. ಫೀಸು ಕಟ್ಟಬೇಕಾ ಬೇಡ್ವಾ ಅಂತ ನಾನು ಹೇಳಲ್ಲ. ಆದರೆ ಇವತ್ತು ಸಂಜೆ ಮಗಳು ಹಾಳೆ ಹಿಡಿದು ಕೂತಾಗ ಒಂದು ಕೆಲಸ ಮಾಡಿ. ಎಷ್ಟು ನಡೆ ಬಂತು ಅಂತ ಕೇಳಬೇಡಿ. ಯಾವುದಾದರೂ ಒಂದು ನಡೆಯ ಮೇಲೆ ಬೆರಳಿಟ್ಟು, "ಇದು ಯಾಕೆ ಪುಟ್ಟಾ?" ಅಂತ ಕೇಳಿ. ನಿಮಗೆ ಚೆಸ್ ಬರಬೇಕಾಗಿಲ್ಲ. ಅವಳು "ಮಿಸ್ ಹೇಳಿದ್ದು" ಅಂದರೆ ಕ್ಲಾಸಿಗೆ ಹೋಗಿ ಮಾತಾಡಿ. "ಅಪ್ಪಾ, ಇದನ್ನ ಸರಿಸಿದ್ರೆ ಹಿಂದೆ ಇರೋ ಒಂಟೆಗೆ ದಾರಿ ಸಿಗುತ್ತೆ" ಅಂದರೆ ಸುಮ್ಮನೆ ಫೀಸು ಕಟ್ಟಿ ಬನ್ನಿ.

ಮೂರು ದಿನ ಬಿಟ್ಟು ಅವರಿಂದ ಮೆಸೇಜ್ ಬಂತು. "ಕೇಳಿದೆ ಸಾರ್. ಅರ್ಧ ಗಂಟೆ ನಿಲ್ಲಿಸಲೇ ಇಲ್ಲ. ನನಗೆ ಒಂದೂ ಅರ್ಥ ಆಗಲಿಲ್ಲ."

ಫೀಸು ಕಟ್ಟಿದ್ದಾರೆ ಅಂದುಕೊಂಡಿದ್ದೇನೆ.